ಒಂದೇ ಹಳ್ಳ, ಐದು ತೋಟ: ಕಡಿಮೆ ಮಾತಾಡಿ ಒಮ್ಮತಕ್ಕೆ ಬರುವ ಟ್ಯಾಂಕುಗಳು

ಹಳ್ಳದದಂಡೆ:

ಹೊಸನಗರದ ಕಡೆಯ ನಮ್ಮ ಕಣಿವೆಯಲ್ಲಿ ಐದು ಅಡಿಕೆ ತೋಟಗಳಿಗೆ ಒಂದೇ ಹಳ್ಳ. ಮಳೆಗಾಲದಲ್ಲಿ ನೀರಿನ ಮಾತೇ ಬರುವುದಿಲ್ಲ. ಫೆಬ್ರವರಿ ಕಳೆದ ಮೇಲೆ ಶುರುವಾಗುತ್ತದೆ. ತ್ರೀ ಫೇಸ್ ಕರೆಂಟ್ ಬಂತು ಅಂದರೆ ಐದೂ ಪಂಪು ಒಟ್ಟಿಗೆ ಚಾಲೂ. ಮೇಲಿನ ತೋಟದ ಟ್ಯಾಂಕು ತುಂಬಿ ಚೆಲ್ಲುತ್ತಿರುತ್ತದೆ, ಕೆಳಗಿನವರ ಪಂಪು ಕೆಸರು ಎಳೆಯುತ್ತಿರುತ್ತದೆ. ಯಾರಿಗೂ ಕೆಟ್ಟ ಮನಸ್ಸಿಲ್ಲ. ಪಕ್ಕದವರ ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟೇ.

ನನ್ನ ಯೋಚನೆ ಹೀಗಿದೆ. ಪ್ರತಿ ಟ್ಯಾಂಕಿಗೆ ಮಟ್ಟ ಅಳೆಯುವ ಒಂದು ಸೆನ್ಸರ್, ಒಂದು ಸಣ್ಣ ಕಂಟ್ರೋಲರ್ ಬೋರ್ಡು, ಕಡಿಮೆ ಶಕ್ತಿಯಲ್ಲಿ ಸಣ್ಣ ಸಂದೇಶವನ್ನು ದೂರಕ್ಕೆ ಮುಟ್ಟಿಸುವ ಒಂದು ಲೋರಾ ರೇಡಿಯೋ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಬ್ಯಾಂಡಿಗೆ ಲೈಸೆನ್ಸ್ ಬೇಡ. ಪ್ರತಿ ಟ್ಯಾಂಕು ಅಕ್ಕಪಕ್ಕದ ಟ್ಯಾಂಕಿನ ಜೊತೆ ಮಾತ್ರ ಮಾತಾಡಬೇಕು. ಅಷ್ಟರಲ್ಲೇ ಐದೂ ಸೇರಿ ಸರಾಸರಿ ಎಷ್ಟು ತುಂಬಿದೆ ಎಂದು ಐದಕ್ಕೂ ತಿಳಿಯಬೇಕು. ಸರಾಸರಿಗಿಂತ ಜಾಸ್ತಿ ಇದ್ದವರ ಪಂಪು ಸ್ವಲ್ಪ ಹೊತ್ತು ನಿಲ್ಲಬೇಕು. ಎಲ್ಲವನ್ನೂ ಇಂಟರ್ನೆಟ್ಟಿಗೆ ಕಳಿಸಿ ಒಂದು ಸರ್ವರ್ ನಿರ್ಧಾರ ಮಾಡಲಿ ಎನ್ನಬಹುದು. ಆದರೆ ಕಣಿವೆಯ ತಳದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಕರೆಂಟ್ ಹೋಗಿ ಸ್ವಲ್ಪ ಹೊತ್ತಾದರೆ ಮೇಲಿನ ರಸ್ತೆಯಲ್ಲೂ ಇರುವುದಿಲ್ಲ.

ಇನ್ನು ಬ್ಯಾಟರಿ. ಅಡಿಕೆ ಮರದ ನೆರಳಿನಲ್ಲಿ ಸೋಲಾರ್ ಪ್ಯಾನೆಲ್ಲಿಗೆ ಸರಿಯಾಗಿ ಬಿಸಿಲು ಬೀಳುವುದಿಲ್ಲ. ಅದಕ್ಕೇ ಐದು ನಿಮಿಷಕ್ಕೊಮ್ಮೆ ಸುಮ್ನೆ ಸಂದೇಶ ಕಳಿಸುವ ಬದಲು, ಮಟ್ಟ ಒಂದು ಮಿತಿ ದಾಟಿ ಬದಲಾದಾಗ ಮಾತ್ರ ಕಳಿಸೋಣ ಅಂತಿದ್ದೇನೆ. ಇದನ್ನೇ ಈವೆಂಟ್-ಟ್ರಿಗರ್ಡ್ ಕಂಟ್ರೋಲ್ ಎನ್ನುತ್ತಾರೆ. ಗೊತ್ತಿರುವವರು ಹೇಳಿ. ಆ ಮಿತಿ ಎಷ್ಟಿರಬೇಕು? ಟ್ಯಾಂಕುಗಳು ಹಳ್ಳದ ಉದ್ದಕ್ಕೂ ಸಾಲಾಗಿವೆ, ಸಾಲಾಗಿ ಮಾತಾಡಿಕೊಂಡರೆ ಸಾಕಾ? ಬ್ಯಾಟರಿ ನಿಜಕ್ಕೂ ಉಳಿಯುತ್ತದಾ?

ಕಂಟ್ರೋಲ್‌ಮೇಷ್ಟ್ರು:

ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಇದೇ ಪಾಠ ಮಾಡುತ್ತೇನೆ. ಹಳ್ಳದ ನೀರಿಗೆ ಇದನ್ನು ಹಚ್ಚುತ್ತಿದ್ದೀರಿ ಎಂದು ಓದಿ ಬಹಳ ಖುಷಿಯಾಯಿತು. ಮೊದಲು ಒಮ್ಮತದ ವಿಷಯ, ಅಂದರೆ ಐದೂ ಟ್ಯಾಂಕು ಒಂದೇ ಸಂಖ್ಯೆಗೆ ಬರುವುದು ಹೇಗೆ ಎಂಬುದನ್ನು ಮುಗಿಸೋಣ. ಅದು ಗಟ್ಟಿಯಾಗದೆ ಈವೆಂಟಿಗೆ ಹೋದರೆ ಪ್ರಯೋಜನ ಇಲ್ಲ.

ನಿಯಮ ಒಂದೇ ಸಾಲಿನದು. ನೆರೆಯವನ ಸಂಖ್ಯೆಗೂ ನಿನ್ನ ಸಂಖ್ಯೆಗೂ ಇರುವ ವ್ಯತ್ಯಾಸದ ಒಂದು ಭಾಗವನ್ನು ನಿನ್ನ ಸಂಖ್ಯೆಗೆ ಸೇರಿಸು. ಐದು ಟ್ಯಾಂಕಿನಲ್ಲಿ ಶೇಕಡ 20, 60, 30, 50, 40 ನೀರಿದೆ ಎನ್ನೋಣ. ಎಲ್ಲರೂ ಸಾಲಾಗಿದ್ದಾರೆ. ವ್ಯತ್ಯಾಸದ ಕಾಲು ಭಾಗ ಸೇರಿಸಿಕೊಳ್ಳುತ್ತಾರೆ. ಒಂದು ಸುತ್ತು ಮುಗಿದಾಗ ಮೊದಲನೆಯವನ ಸಂಖ್ಯೆ 30 ಆಗುತ್ತದೆ, ಉಳಿದ ನಾಲ್ವರದೂ 42.5. ಒಟ್ಟು ಮೊದಲೂ 200, ಈಗಲೂ 200. ಇದು ಲೆಕ್ಕದ ಜೀವಾಳ. ನಾನು ನಿನ್ನಿಂದ ಎಷ್ಟು ಪಡೆದೆನೋ ಅಷ್ಟನ್ನೇ ನೀನು ಕಳೆದುಕೊಂಡೆ. ಹಾಗಾಗಿ ಒಟ್ಟು ಬದಲಾಗುವುದಿಲ್ಲ, ಸುತ್ತು ಹೆಚ್ಚಾದಂತೆ ಎಲ್ಲರೂ 40ಕ್ಕೆ ಬಂದು ನಿಲ್ಲುತ್ತಾರೆ. ಒಟ್ಟು ಎಷ್ಟು ಜನ ಇದ್ದಾರೆ ಎಂಬುದೂ ಯಾರಿಗೂ ಗೊತ್ತಿರಬೇಕಿಲ್ಲ. ಆ ಭಾಗ ತೀರಾ ದೊಡ್ಡದಾಗಬಾರದು. ಒಬ್ಬನಿಗೆ ಗರಿಷ್ಠ ಇಬ್ಬರು ನೆರೆಯವರು ಇದ್ದರೆ ಅದು ಅರ್ಧಕ್ಕಿಂತ ಕಡಿಮೆ ಇರಲಿ.

ಎಷ್ಟು ಬೇಗ ನಿಲ್ಲುತ್ತಾರೆ ಎಂಬುದು ಯಾರು ಯಾರ ಜೊತೆ ಮಾತಾಡುತ್ತಾರೆ ಎಂಬುದರ ಮೇಲೆ ನಿಂತಿದೆ. ಆ ಜಾಲದ ಲಾಪ್ಲಾಸಿಯನ್ ಮ್ಯಾಟ್ರಿಕ್ಸ್ (ಯಾರಿಗೆ ಯಾರು ನೆರೆಯವರು ಎಂಬುದರ ಸಂಖ್ಯೆಗಳ ಕೋಷ್ಟಕ) ಬರೆದು, ಅದರಿಂದ ಲೆಕ್ಕ ಹಾಕಿ ತೆಗೆಯುವ ಐಗನ್ ಮೌಲ್ಯಗಳೆಂಬ ಸಂಖ್ಯೆಗಳಲ್ಲಿ ಚಿಕ್ಕದರಿಂದ ಎರಡನೆಯದನ್ನು ನೋಡಬೇಕು. ಲ್ಯಾಂಬ್ಡಾ-2 ಎಂದು ಕರೆಯುತ್ತೇವೆ. ಗಣಿತಜ್ಞ ಫೀಡ್ಲರ್ 1973ರಲ್ಲಿ ಇದನ್ನು ಜಾಲ ಎಷ್ಟು ಗಟ್ಟಿಯಾಗಿ ಬೆಸೆದುಕೊಂಡಿದೆ ಎಂಬುದರ ಅಳತೆಯಾಗಿ ತೋರಿಸಿದರು. ಒಮ್ಮತದ ವೇಗಕ್ಕೂ ಇದಕ್ಕೂ ಇರುವ ಸಂಬಂಧವನ್ನು ಓಲ್ಫಾಟಿ-ಸಬೇರ್ ಮತ್ತು ಮರ್ರೇ 2004ರಲ್ಲಿ ಚೆನ್ನಾಗಿ ಬಿಡಿಸಿಟ್ಟರು. ಐದು ಟ್ಯಾಂಕು ಸಾಲಾಗಿದ್ದರೆ ಲ್ಯಾಂಬ್ಡಾ-2 ಬರುವುದು 0.382. ಮೊದಲನೆಯದಕ್ಕೂ ಕೊನೆಯದಕ್ಕೂ ಒಂದೇ ಒಂದು ಕೊಂಡಿ ಹಾಕಿ ಉಂಗುರ ಮಾಡಿದರೆ 1.382. ಒಂದು ಕೊಂಡಿಗೆ ಮೂರೂವರೆ ಪಟ್ಟು ವೇಗ! ನಡುವೆ ಒಬ್ಬನನ್ನು ಕೂರಿಸಿ ಎಲ್ಲರೂ ಅವನ ಜೊತೆ ಮಾತ್ರ ಮಾತಾಡಿದರೆ 1. ಆದರೆ ಹಾಗೆ ಮಾಡಿದರೆ ಸಂದೇಶ ತಡವಾಗಿ ಬರುವುದನ್ನು ತಾಳಿಕೊಳ್ಳುವ ಶಕ್ತಿ ಉಂಗುರಕ್ಕಿಂತ ಕಡಿಮೆಯಾಗುತ್ತದೆ. ನಡುವಿನವನು ಕೆಟ್ಟರೆ ಎಲ್ಲರೂ ಒಂಟಿಯಾಗುತ್ತಾರೆ. ನಿಮ್ಮ ಕೆಲಸಕ್ಕೆ ಉಂಗುರವೇ ಒಳ್ಳೆಯದು. ಮೇಲಿನ ತೋಟಕ್ಕೂ ಕೆಳಗಿನ ತೋಟಕ್ಕೂ ನೇರ ರೇಡಿಯೋ ಸಿಗುತ್ತದಾ ನೋಡಿ.

ತೋಟದಕಡೆ:

ತೀರ್ಥಹಳ್ಳಿ ಕಡೆಯವನು. ಗಣಿತ ನನಗೆ ಅಷ್ಟು ಗೊತ್ತಿಲ್ಲ, ನೀರು ಗೊತ್ತು. ಶೇಕಡ ಲೆಕ್ಕದಲ್ಲಿ ಸಮ ಮಾಡಿದರೆ ಜಗಳ ಹೆಚ್ಚಾಗುತ್ತದೆ.

ಒಬ್ಬನಿಗೆ ಒಂದು ಎಕರೆ, ಸುಮಾರು 550 ಮರ. ಡ್ರಿಪ್ಪಿನಲ್ಲಿ ಬೇಸಿಗೆಗೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಹಿಡಿದರೂ ಹತ್ತು ಸಾವಿರ ಲೀಟರ್ ಬೇಕು. ಅವನ ಟ್ಯಾಂಕೂ ಹತ್ತು ಸಾವಿರದ್ದು. ಇನ್ನೊಬ್ಬನಿಗೂ ಒಂದೇ ಎಕರೆ, ಆದರೆ ದುಡ್ಡಿದೆ, ನಲವತ್ತು ಸಾವಿರದ ಟ್ಯಾಂಕು ಕಟ್ಟಿಸಿದ್ದಾನೆ. ಇಬ್ಬರದೂ ಶೇಕಡ 50 ಎಂದು ಯಂತ್ರ ಸಮಾಧಾನ ಪಟ್ಟುಕೊಳ್ಳುತ್ತದೆ. ಒಬ್ಬನ ಹತ್ತಿರ ಅರ್ಧ ದಿನದ ನೀರು, ಇನ್ನೊಬ್ಬನ ಹತ್ತಿರ ಎರಡು ದಿನದ್ದು. ಇದು ನ್ಯಾಯ ಅಲ್ಲ ಅಲ್ವಾ? ಟ್ಯಾಂಕಿನ ಗಾತ್ರ ಬಿಡಿ, ಮರದ ಲೆಕ್ಕ ಹಿಡಿಯಿರಿ. ನಮ್ಮಲ್ಲಿ ಹಿಂದಿನಿಂದ ಪಾಳಿ ನೀರು ಹಂಚಿದ್ದೂ ಟ್ಯಾಂಕು ನೋಡಿ ಅಲ್ಲ, ತೋಟ ನೋಡಿ.

ಹಳ್ಳದದಂಡೆ:

ಈ ಮಾತು ಬಹಳ ಮುಖ್ಯ. ಹಾಗಾದರೆ ಶೇಕಡ ಕೈಬಿಡುತ್ತೇನೆ. ಟ್ಯಾಂಕಿನಲ್ಲಿರುವ ಲೀಟರನ್ನು ಆ ತೋಟಕ್ಕೆ ದಿನಕ್ಕೆ ಬೇಕಾದ ಲೀಟರಿನಿಂದ ಭಾಗಿಸುತ್ತೇನೆ. "ಎಷ್ಟು ದಿನದ ನೀರಿದೆ" ಎಂಬುದೇ ಪ್ರತಿ ಟ್ಯಾಂಕು ಹೇಳುವ ಸಂಖ್ಯೆ. ಮೇಷ್ಟ್ರೇ, ತೋಟಗಳು ಚಿಕ್ಕ ದೊಡ್ಡ ಇದ್ದರೆ ಒಟ್ಟು ಉಳಿಯುವ ನಿಯಮ ಮುರಿಯುವುದಿಲ್ಲವಾ?

ಕಂಟ್ರೋಲ್‌ಮೇಷ್ಟ್ರು:

ಮುರಿಯುವುದಿಲ್ಲ, ಒಂದು ತಿದ್ದುಪಡಿ ಸಾಕು. ಪ್ರತಿಯೊಬ್ಬನೂ ತನ್ನ ಬದಲಾವಣೆಯನ್ನು ತನ್ನ ದಿನದ ಬೇಡಿಕೆಯಿಂದ ಭಾಗಿಸಬೇಕು. ನಾಲ್ಕು ಎಕರೆಯವನ ಸಂಖ್ಯೆ ನಿಧಾನ ಕದಲುತ್ತದೆ, ಒಂದು ಎಕರೆಯವನದು ಬೇಗ. ಆಗ ಕಾಪಾಡಿಕೊಂಡು ಬರುವುದು ದಿನಗಳ ಮೊತ್ತವನ್ನಲ್ಲ, ಐದೂ ಟ್ಯಾಂಕಿನ ಒಟ್ಟು ಲೀಟರನ್ನು. ಎಲ್ಲರೂ ಒಪ್ಪುವ ಸಂಖ್ಯೆ ಒಟ್ಟು ಲೀಟರನ್ನು ಒಟ್ಟು ದಿನದ ಬೇಡಿಕೆಯಿಂದ ಭಾಗಿಸಿದ್ದು. ಅಂದರೆ ಇಡೀ ಕಣಿವೆಗೆ ಎಷ್ಟು ದಿನದ ನೀರಿದೆ ಎಂಬುದು. ತೋಟದಕಡೆಯವರು ಕೇಳಿದ್ದು ಇದನ್ನೇ.

ಇನ್ನೊಂದು. ನೀವು ಸಂಖ್ಯೆ ಒಪ್ಪಿಕೊಳ್ಳುತ್ತಿರುವಾಗಲೇ ನೀರೂ ಖರ್ಚಾಗುತ್ತಿರುತ್ತದೆ. ಹಾಗಾಗಿ ಪ್ರತಿ ಸುತ್ತಿನಲ್ಲಿ ನಿಮ್ಮ ಅಂದಾಜಿಗೆ ನಿಮ್ಮ ಸೆನ್ಸರ್ ಕಳೆದ ಸುತ್ತಿನಿಂದ ಎಷ್ಟು ಏರಿತು ಅಥವಾ ಇಳಿಯಿತು ಅದನ್ನೂ ಸೇರಿಸಿ. ಇದಕ್ಕೆ ಡೈನಾಮಿಕ್ ಆವರೇಜ್ ಕನ್ಸೆನ್ಸಸ್ ಎನ್ನುತ್ತಾರೆ. ಶುರುವಿನಲ್ಲಿ ಅಂದಾಜು ಮತ್ತು ಸೆನ್ಸರಿನ ಓದು ಎರಡೂ ಒಂದೇ ಇರಬೇಕು, ಇಷ್ಟೇ ಷರತ್ತು.

ಈಗ ಈವೆಂಟಿಗೆ ಬರೋಣ. ಸಮಯ ನೋಡಿ ಅಳೆಯುವುದು ಒಂದು, ಮಟ್ಟ ನೋಡಿ ಅಳೆಯುವುದು ಇನ್ನೊಂದು. ಸ್ವೀಡನ್ನಿನ ಲುಂಡ್‌ನಲ್ಲಿ ಓಸ್ಟ್ರೊಮ್ ಮತ್ತು ಬರ್ನ್‌ಹಾರ್ಡ್‌ಸನ್ 1999ರಲ್ಲಿ ಇವೆರಡನ್ನೂ ಹೋಲಿಸಿದರು. ಇಂಟಿಗ್ರೇಟರಿನಂಥ ಸರಳ ವ್ಯವಸ್ಥೆಯಲ್ಲಿ ಸರಾಸರಿ ಅಷ್ಟೇ ಸಲ ಅಳೆದರೂ ಮಟ್ಟ ನೋಡಿ ಅಳೆದಾಗ ವೇರಿಯನ್ಸ್, ಅಂದರೆ ಏರಿಳಿತ ಎಷ್ಟು ಹರಡಿದೆ ಎಂಬುದರ ಅಳತೆ, ಮೂರನೇ ಒಂದಕ್ಕೆ ಇಳಿಯುತ್ತದೆ. ನಿಮ್ಮ ಟ್ಯಾಂಕು ಇಂಟಿಗ್ರೇಟರೇ. ಬಂದ ನೀರು ಹೋದ ನೀರು ಕೂಡಿಟ್ಟುಕೊಳ್ಳುವುದೇ ಅದರ ಕೆಲಸ. 2007ರಲ್ಲಿ ಟಬುವಾಡ ಇದಕ್ಕೆ ಗಟ್ಟಿ ಅಡಿಪಾಯ ಹಾಕಿದರು. ಕೊನೆಗೆ ಕಳಿಸಿದ ಬೆಲೆಗೂ (ಸಂಖ್ಯೆಗೂ) ಈಗಿನ ಬೆಲೆಗೂ ಇರುವ ವ್ಯತ್ಯಾಸವು, ಈಗಿನ ಸ್ಥಿತಿಗೆ ಹೋಲಿಸಿದಾಗ, ಒಂದು ಪ್ರಮಾಣ ಮೀರಿದರೆ ಮಾತ್ರ ಹೊಸದು ಕಳಿಸು. ಹೀಗೆ ಮಾಡಿದರೂ ವ್ಯವಸ್ಥೆ ಸ್ಥಿರವಾಗಿ ಉಳಿಯುತ್ತದೆ, ಎರಡು ಈವೆಂಟುಗಳ ನಡುವೆ ಖಚಿತವಾಗಿ ಸ್ವಲ್ಪ ಅಂತರವೂ ಇರುತ್ತದೆ ಎಂದು ತೋರಿಸಿದರು.

ಬಹು ಏಜೆಂಟುಗಳಿಗೆ, ಅಂದರೆ ನಿಮ್ಮ ಟ್ಯಾಂಕುಗಳಂತೆ ತಾವೇ ನಿರ್ಧರಿಸುವ ಹಲವು ಘಟಕಗಳಿಗೆ, ಇದನ್ನು ತಂದದ್ದು 2012ರಲ್ಲಿ ಡಿಮರೋಗೊನಸ್, ಫ್ರಝೋಲಿ, ಯೊಹಾನ್ಸನ್. ಅವರ ನಿಯಮದಲ್ಲಿ ಯಾವಾಗ ಕಳಿಸಬೇಕೆಂದು ತೀರ್ಮಾನಿಸಲು ನೆರೆಯವರ ಈಗಿನ ಸ್ಥಿತಿಯೂ ಬೇಕು. ನಿಮಗೆ ಅದು ಆಗುವುದಿಲ್ಲ. ನೆರೆಯವರನ್ನು ಸದಾ ಕೇಳುತ್ತಾ ಕೂತರೆ ಉಳಿತಾಯ ಎಲ್ಲಿಂದ ಬಂತು? 2013ರಲ್ಲಿ ಸೈಬೋತ್, ಡಿಮರೋಗೊನಸ್, ಯೊಹಾನ್ಸನ್ ಕೊಟ್ಟ ನಿಯಮ ನಿಮಗೆ ಸರಿ. ನಿನ್ನ ಕೊನೆಯ ಸಂದೇಶದಲ್ಲಿದ್ದ ಬೆಲೆಯಿಂದ ನೀನು ಎಷ್ಟು ದೂರ ಬಂದಿದ್ದೀಯ ನೋಡಿಕೊ. ಮಿತಿ ದಾಟಿದರೆ ಕಳಿಸು. ನಿನ್ನದು ಬಿಟ್ಟು ಬೇರೇನೂ ಬೇಡ. ಮಿತಿಯಲ್ಲಿ ಎರಡು ಭಾಗ ಇರುತ್ತದೆ. ಒಂದು ಸದಾ ಇರುವ ಸಣ್ಣ ಸಂಖ್ಯೆ. ಇನ್ನೊಂದು ಶುರುವಿನಲ್ಲಿ ದೊಡ್ಡದಿದ್ದು ಕಾಲ ಕಳೆದಂತೆ ಕರಗುವ ಭಾಗ.

ಸದಾ ಇರುವ ಭಾಗವನ್ನು ಸೊನ್ನೆ ಮಾಡಿದರೆ ಸರಾಸರಿ ಕರಾರುವಾಕ್ಕಾಗಿ ಸಿಗುತ್ತದೆ. ಆದರೆ ಕರಗುವ ವೇಗ ಲ್ಯಾಂಬ್ಡಾ-2ಕ್ಕಿಂತ ಕಡಿಮೆ ಇರಲೇಬೇಕು. ಮಿತಿ ಅದಕ್ಕಿಂತ ಬೇಗ ಕರಗಿದರೆ ಈವೆಂಟುಗಳು ಒಂದರ ಮೇಲೊಂದು ಬೀಳತೊಡಗಬಹುದು. ಸೀಮಿತ ಸಮಯದಲ್ಲಿ ಲೆಕ್ಕವಿಲ್ಲದಷ್ಟು ಸಂದೇಶ. ಇದಕ್ಕೆ ಝೀನೋ ವರ್ತನೆ ಎಂದು ಹೆಸರು, ಗ್ರೀಕ್ ತತ್ವಜ್ಞಾನಿ ಝೀನೋನಿಂದ ಬಂದದ್ದು. ನಿಮ್ಮ ಸೆನ್ಸರಿಗೆ ಹೇಗೂ ಗದ್ದಲ ಇದೆ, ನೀರಿನ ಮೇಲೆ ಅಲೆ ಇದೆ. ಸೊನ್ನೆ ಮಾಡಬೇಡಿ. 0.02 ದಿನ ಇಡಿ, ಅಂದರೆ ಅರ್ಧ ಗಂಟೆಯ ನೀರು. ಟ್ಯಾಂಕು ಅರ್ಧ ದಿನದ ನೀರಿನಷ್ಟು ಇಳಿದರೆ ಅದರಿಂದಾಗುವ ಸಂದೇಶ 25. ಐದು ನಿಮಿಷಕ್ಕೊಂದರ ಲೆಕ್ಕದಲ್ಲಿ ದಿನಕ್ಕೆ 288 ಆಗುತ್ತಿತ್ತು.

ಬೆಲೆ ತೆರಬೇಕಾದ್ದು ನಿಖರತೆಯಲ್ಲಿ. ಎಲ್ಲರ ತೂಕ, ಅಂದರೆ ದಿನದ ಬೇಡಿಕೆ, ಸಮ ಎಂದು ಹಿಡಿದರೆ, ಕೊನೆಗೆ ಉಳಿಯುವ ಒಟ್ಟು ಭಿನ್ನಾಭಿಪ್ರಾಯಕ್ಕೆ ಒಂದು ಮೇಲ್ಮಿತಿ ಸಿಗುತ್ತದೆ. ಅತಿ ದೊಡ್ಡ ಐಗನ್ ಮೌಲ್ಯ, ಗುಣಿಸು ಟ್ಯಾಂಕುಗಳ ಸಂಖ್ಯೆಯ ವರ್ಗಮೂಲ, ಗುಣಿಸು ಆ ಸಣ್ಣ ಮಿತಿ, ಭಾಗಿಸು ಲ್ಯಾಂಬ್ಡಾ-2. ಸಾಲಾಗಿದ್ದರೆ ಮಿತಿಯ 21 ಪಟ್ಟು, ಅಂದರೆ ಹತ್ತು ಗಂಟೆಯ ನೀರು. ಉಂಗುರ ಮಾಡಿದರೆ ಸುಮಾರು 6 ಪಟ್ಟು, ಮೂರು ಗಂಟೆಗಿಂತ ಕಡಿಮೆ. ಇದು ತೀರಾ ಕೆಟ್ಟ ಸಂದರ್ಭದ ಲೆಕ್ಕ. ನಿಜದಲ್ಲಿ ತುಂಬಾ ಕಡಿಮೆ ಬರುತ್ತದೆ. ಆದರೂ ಆ ಒಂದು ಕೊಂಡಿ ಏನೆಲ್ಲ ಕೊಡುತ್ತದೆ ನೋಡಿ.

ಕೊನೆಗೆ, ಕೋಡ್ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಅಂಶ. ವ್ಯತ್ಯಾಸ ಲೆಕ್ಕ ಮಾಡುವಾಗ ನಿಮ್ಮ ಈಗಿನ ಬೆಲೆ ಬಳಸಬೇಡಿ. ನೀವು ಕೊನೆಗೆ ಕಳಿಸಿದ ಬೆಲೆ ಬಳಸಿ. ನೆರೆಯವನಿಗೆ ಗೊತ್ತಿರುವುದು ಅದೊಂದೇ. ಇಬ್ಬರೂ ಒಂದೇ ಜೋಡಿ ಸಂಖ್ಯೆ ನೋಡಿದರೆ ಮಾತ್ರ ಕೊಟ್ಟದ್ದು ಪಡೆದದ್ದು ಸರಿಹೋಗಿ ಒಟ್ಟು ಉಳಿಯುತ್ತದೆ.

ರೇಡಿಯೋಸಾಗರ:

ಸಾಗರದವಳು, ಕೆಲಸ ರೇಡಿಯೋ ಬೋರ್ಡುಗಳದ್ದು. ಮೇಷ್ಟ್ರ ಲೆಕ್ಕ ಅಚ್ಚುಕಟ್ಟಾಗಿದೆ. ಆದರೆ ಬ್ಯಾಟರಿ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಅದನ್ನು ಹೇಳುತ್ತೇನೆ, ಯಾಕೆಂದರೆ ಈ ವಿಷಯದ ಬರಹಗಳಲ್ಲಿ ಇದು ಬಹಳ ಕಡಿಮೆ ಸಿಗುತ್ತದೆ.

ಲೋರಾ ರೇಡಿಯೋದ ಎಸ್‌ಎಕ್ಸ್1276 ಚಿಪ್ಪು ಪೂರ್ತಿ ಶಕ್ತಿಯಲ್ಲಿ ಕಳಿಸುವಾಗ ಸುಮಾರು 120 ಮಿಲಿಆಂಪ್ ಎಳೆಯುತ್ತದೆ. ಕೇಳುವಾಗ 11ರ ಆಸುಪಾಸು. ನಿದ್ದೆಯಲ್ಲಿ ಒಂದು ಮೈಕ್ರೋಆಂಪ್ ಕೂಡ ಇಲ್ಲ. ಸಂದೇಶವನ್ನು ಎಷ್ಟು ನಿಧಾನವಾಗಿ ಕಳಿಸಬೇಕೆಂದು ಹೇಳುವ ಸ್ಪ್ರೆಡಿಂಗ್ ಫ್ಯಾಕ್ಟರನ್ನು ಅತಿ ನಿಧಾನದ 12ಕ್ಕೆ ಇಟ್ಟರೆ 20 ಬೈಟಿನ ಸಂದೇಶಕ್ಕೆ 1.3 ಸೆಕೆಂಡ್ ಹಿಡಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕಳಿಸಿದರೂ ದಿನಕ್ಕೆ ಖರ್ಚು ಆರು ಮಿಲಿಆಂಪ್-ಅವರ್ ಚಿಲ್ಲರೆ. ಈಗ ಕೇಳುವ ಕಡೆ ನೋಡಿ. ಈವೆಂಟ್ ಪದ್ಧತಿಯಲ್ಲಿ ನೆರೆಯವನು ಯಾವಾಗ ಮಾತಾಡುತ್ತಾನೋ ಗೊತ್ತಿಲ್ಲ. ಹಾಗಾಗಿ ಇಡೀ ದಿನ ಕಿವಿ ತೆರೆದು ಕೂರಬೇಕು. 11 ಗುಣಿಸು 24, ದಿನಕ್ಕೆ 264 ಮಿಲಿಆಂಪ್-ಅವರ್. ಒಂದು 2500ರ ಸೆಲ್ ಹತ್ತು ದಿನವೂ ಬರುವುದಿಲ್ಲ. ಕಳಿಸುವುದನ್ನು ಪೂರ್ತಿ ಸೊನ್ನೆ ಮಾಡಿದರೂ ಈ 264 ಕದಲುವುದಿಲ್ಲ.

ದಾರಿ ಇದೆ. ಎಲ್ಲರೂ ಐದು ನಿಮಿಷಕ್ಕೊಮ್ಮೆ ಒಟ್ಟಿಗೆ ಎದ್ದು ಎರಡು ಸೆಕೆಂಡ್ ಕೇಳಲಿ. ಮಿತಿ ದಾಟಿದವನು ಮಾತ್ರ ಆ ಎರಡು ಸೆಕೆಂಡಿನಲ್ಲಿ ತನ್ನ ಸರದಿಯಲ್ಲಿ ಕಳಿಸಲಿ. ಕೇಳುವ ಖರ್ಚು ದಿನಕ್ಕೆ 1.8ಕ್ಕೆ ಇಳಿಯುತ್ತದೆ. ಸ್ಪ್ರೆಡಿಂಗ್ ಫ್ಯಾಕ್ಟರ್ 9ಕ್ಕೆ ಇಳಿಸಿ, ಒಂದು ಸಂದೇಶಕ್ಕೆ 0.2 ಸೆಕೆಂಡಿಗಿಂತ ಕಡಿಮೆ ಸಾಕು. ಐವರದೂ ಹಿಡಿಯುತ್ತದೆ. ಬೋರ್ಡು ಕೊಳ್ಳುವಾಗ ಅದರ ರೆಗ್ಯುಲೇಟರ್ ನಿದ್ದೆಯಲ್ಲಿ ಎಷ್ಟು ಎಳೆಯುತ್ತದೆ ನೋಡಿಕೊಳ್ಳಿ. ಚಿಪ್ಪು ಮಲಗಿದರೂ ಬೋರ್ಡು ಮಲಗದಿದ್ದರೆ ಇದೆಲ್ಲ ನೀರಿನಲ್ಲಿ ಹೋಮ.

ಕಂಟ್ರೋಲ್‌ಮೇಷ್ಟ್ರು:

ನೀವು ಹೇಳಿದ್ದಕ್ಕೆ ಹೆಸರೂ ಇದೆ. ಪೀರಿಯಾಡಿಕ್ ಈವೆಂಟ್-ಟ್ರಿಗರ್ಡ್ ಕಂಟ್ರೋಲ್. ಹೇಮೆಲ್ಸ್, ಡಾಂಕರ್ಸ್, ಟೀಲ್ 2013ರಲ್ಲಿ ಇದನ್ನು ವಿವರವಾಗಿ ಬಿಡಿಸಿದರು. ಷರತ್ತು ಪರೀಕ್ಷಿಸುವುದು ನಿಗದಿತ ಹೊತ್ತಿಗೆ, ಕಳಿಸುವುದು ಅಗತ್ಯ ಬಿದ್ದರೆ. ಝೀನೋ ಚಿಂತೆಯೂ ತಾನಾಗಿ ಹೋಗುತ್ತದೆ, ಎರಡು ಈವೆಂಟುಗಳ ನಡುವೆ ಐದು ನಿಮಿಷ ಇದ್ದೇ ಇರುತ್ತದೆ. ಟ್ಯಾಂಕು ಐದು ನಿಮಿಷದಲ್ಲಿ ಎಷ್ಟು ತಾನೇ ಬದಲಾದೀತು? ನಿಮಗೆ ಇದೇ ಸರಿ.

ಪವರ್‌ಹೌಸ್‌ನಿವೃತ್ತ:

ನನ್ನ ನೌಕರಿಯೆಲ್ಲ ಜಲವಿದ್ಯುತ್ತಿನಲ್ಲಿ ಕಳೆಯಿತು. ಒಂದು ಮಾತು ಸೇರಿಸುತ್ತೇನೆ. ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯೂನಿಟ್, ಒಟ್ಟು 1035 ಮೆಗಾವ್ಯಾಟ್. ಗ್ರಿಡ್ಡಿನಲ್ಲಿ ಲೋಡು ಏರಿತು ಎಂದು ಒಂದು ಯೂನಿಟ್ ಇನ್ನೊಂದಕ್ಕೆ ಹೇಳಬೇಕಿಲ್ಲ. ಫ್ರೀಕ್ವೆನ್ಸಿ ಇಳಿಯುತ್ತದೆ, ಯೂನಿಟ್ಟಿಗೆ ಬಿಡುವ ನೀರನ್ನು ಹೆಚ್ಚು ಕಡಿಮೆ ಮಾಡುವ ಎಲ್ಲ ಗವರ್ನರುಗಳಿಗೂ ಅದು ಕಾಣುತ್ತದೆ. ಡ್ರೂಪ್, ಅಂದರೆ ಫ್ರೀಕ್ವೆನ್ಸಿ ಇಷ್ಟು ಇಳಿದರೆ ಇಷ್ಟು ಹೊರಬೇಕು ಎಂಬ ಪ್ರಮಾಣ, ಎಷ್ಟಿಟ್ಟಿದೆಯೋ ಅದಕ್ಕೆ ತಕ್ಕಂತೆ ಪ್ರತಿಯೊಂದೂ ತನ್ನ ಪಾಲು ಹೊರುತ್ತದೆ. ಅದರಲ್ಲೂ ಸಣ್ಣ ಏರಿಳಿತಕ್ಕೆ ಗೇಟು ಅಲ್ಲಾಡಬಾರದು ಎಂದು ಒಂದು ಅಂಚು ಬಿಡುತ್ತಾರೆ. ನಮ್ಮ ಗ್ರಿಡ್ ನಿಯಮಾವಳಿಯಲ್ಲಿ 0.03 ಹರ್ಟ್ಸ್ ಎಂದಿತ್ತು. ಅದಕ್ಕಿಂತ ಚಿಕ್ಕದಕ್ಕೆ ಸುಮ್ಮನಿರು.

ನಿಮ್ಮ ಹಳ್ಳಕ್ಕೂ ಇಂಥ ಒಂದು ಸಾರ್ವಜನಿಕ ಸಂಕೇತ ಇದೆ. ಹಳ್ಳದ ಮಟ್ಟ. ಪ್ರತಿ ಪಂಪಿನ ಗುಂಡಿಯಲ್ಲೂ ಒಂದು ಫ್ಲೋಟ್ ಇಡಿ. ಹಳ್ಳ ಇಳಿದಿದ್ದರೆ ರೇಡಿಯೋ ಏನೇ ಹೇಳಲಿ, ಪಂಪು ನಿಲ್ಲಲಿ. ಸಂದೇಶ ಬಂದರೆ ಹಂಚಿಕೆ ಚೆನ್ನಾಗಿ ನಡೆಯುತ್ತದೆ, ಬಾರದಿದ್ದರೂ ಪಂಪು ಒಣಗಿ ಸುಡುವುದಿಲ್ಲ.

ತೋಟದಕಡೆ:

ನನಗೆ ಬೇರೆ ಚಿಂತೆ. ಬದಲಾವಣೆ ಇಲ್ಲದಿದ್ದರೆ ಮಾತಿಲ್ಲ ಎಂದಿರಿ. ಕೆಟ್ಟು ಹೋದರೂ ಮಾತಿಲ್ಲ. ಎರಡನ್ನೂ ಬೇರೆ ಮಾಡುವುದು ಹೇಗೆ? ಕಾಡಿಗೆ ಸೊಪ್ಪಿಗೆ ಹೋದಾಗ ನಾವು ಆಗಾಗ ಕೂ ಹಾಕುತ್ತೇವೆ. ಏನೂ ಆಗದಿದ್ದರೂ ಹಾಕುತ್ತೇವೆ. ಕೂ ಬರಲಿಲ್ಲ ಅಂದರೆ ಹುಡುಕಿಕೊಂಡು ಹೋಗುತ್ತೇವೆ. ನಿಮ್ಮ ಟ್ಯಾಂಕುಗಳಿಗೂ ಅಂಥದ್ದು ಬೇಕು.

ಹಳ್ಳದದಂಡೆ:

ಈ ಪ್ರಶ್ನೆಯೇ ಇಡೀ ಕೆಲಸದ ತಿರುಳು ಎಂದು ನನಗೆ ಈಗ ಅನ್ನಿಸುತ್ತಿದೆ. ಈವೆಂಟ್ ಪದ್ಧತಿಯಲ್ಲಿ ಸುಮ್ಮನಿರುವುದೂ ಒಂದು ಸಂದೇಶ. "ನಾನು ಕೊನೆಗೆ ಹೇಳಿದ ಬೆಲೆಯ ಅರ್ಧ ಗಂಟೆ ನೀರಿನ ಒಳಗೇ ಇದ್ದೇನೆ" ಎಂದು ಅದರ ಅರ್ಥ. ಎಲ್ಲ ಲೆಕ್ಕವೂ ಆ ಮೌನವನ್ನು ನಂಬಿ ನಿಂತಿದೆ. ಬ್ಯಾಟರಿ ಸತ್ತವನ ಮೌನವನ್ನೂ ನೆರೆಯವರು ಹಾಗೇ ನಂಬಿದರೆ, ಖಾಲಿ ಟ್ಯಾಂಕನ್ನು ತುಂಬಿದೆ ಎಂದುಕೊಂಡು ಕೂರುತ್ತಾರೆ. ಕೆಳಗಿನ ತೋಟಕ್ಕೆ ಮತ್ತೆ ಅನ್ಯಾಯ.

ಹಾಗಾಗಿ ಗಂಟೆಗೊಮ್ಮೆ ಬದಲಾವಣೆ ಇರಲಿ ಬಿಡಲಿ ಒಂದು ಸಂದೇಶ. ರೇಡಿಯೋಸಾಗರ ಅವರೇ, ಇದರ ಖರ್ಚು ಎಷ್ಟಾಗುತ್ತದೆ?

ರೇಡಿಯೋಸಾಗರ:

ದಿನಕ್ಕೆ 0.15 ಮಿಲಿಆಂಪ್-ಅವರ್. ಲೆಕ್ಕಕ್ಕೇ ಇಲ್ಲ. ಮೇಲಾಗಿ ಅದು ಬೇಕೇ ಬೇಕು, ಗಡಿಯಾರದ ಕಾರಣಕ್ಕೆ. ಸಾಮಾನ್ಯ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 20ರಷ್ಟು ತಪ್ಪುತ್ತದೆ. ದಿನಕ್ಕೆ 1.7 ಸೆಕೆಂಡ್. ಒಬ್ಬನದು ಮುಂದೆ, ಇನ್ನೊಬ್ಬನದು ಹಿಂದೆ ಓಡಿದರೆ ಎರಡರ ನಡುವೆ ದಿನಕ್ಕೆ ಮೂರೂವರೆ ಸೆಕೆಂಡ್. ನಾವು ಎದ್ದಿರುವುದೇ ಎರಡು ಸೆಕೆಂಡ್. ಒಂದು ದಿನದಲ್ಲೇ ಒಬ್ಬರಿಗೊಬ್ಬರು ಸಿಗುವುದಿಲ್ಲ. ಗಂಟೆಗೊಮ್ಮೆ ಕೇಳಿ ಸರಿಮಾಡಿಕೊಂಡರೆ ತಪ್ಪು 0.15 ಸೆಕೆಂಡಿನೊಳಗೆ ಉಳಿಯುತ್ತದೆ. ಗಡಿಯಾರ ಸರಿಮಾಡುವುದಕ್ಕೂ ಮೇಷ್ಟ್ರು ಹೇಳಿದ ನಿಯಮವೇ ಸಾಕು. ನೆರೆಯವರ ಸಮಯದ ಕಡೆ ಒಂದು ಭಾಗ ಸರಿ. ಯಾರ ಗಡಿಯಾರವೂ ಯಜಮಾನ ಆಗಬೇಕಿಲ್ಲ.

ಗಂಟೆಗೊಮ್ಮೆ ಬರುವ ಸಂದೇಶ ಸತತ ಮೂರು ಸಲ ತಪ್ಪಿದರೆ ಆ ಟ್ಯಾಂಕನ್ನು ಜಾಲದಿಂದ ಬಿಡಿ. ಉಂಗುರದಲ್ಲಿ ಒಬ್ಬ ಹೋದರೆ ಉಳಿದ ನಾಲ್ವರು ಸಾಲಾಗುತ್ತಾರೆ, ಮಾತು ಕಡಿಯುವುದಿಲ್ಲ.

ಕಂಟ್ರೋಲ್‌ಮೇಷ್ಟ್ರು:

ಹೌದು, ನಾಲ್ಕರ ಸಾಲಿಗೆ ಲ್ಯಾಂಬ್ಡಾ-2 0.586. ಐದರ ಸಾಲಿಗಿಂತ ಚೆನ್ನಾಗಿದೆ. ಆದರೆ ಒಬ್ಬನನ್ನು ಬಿಟ್ಟಾಗ ಅವನ ಜೊತೆ ಕೊಟ್ಟು ಪಡೆದ ಲೆಕ್ಕ ನಿಮ್ಮ ಅಂದಾಜಿನಲ್ಲಿ ಉಳಿದಿರುತ್ತದೆ. ಸಂದೇಶ ಗಾಳಿಯಲ್ಲಿ ಕಳೆದುಹೋದಾಗಲೂ ಇದೇ ಸಮಸ್ಯೆ. ನಾನು ಕೊಟ್ಟೆ, ಅವನಿಗೆ ಮುಟ್ಟಲಿಲ್ಲ, ಒಟ್ಟು ತಪ್ಪಿತು. ಆ ತಪ್ಪು ತಾನಾಗಿ ಹೋಗುವುದಿಲ್ಲ, ಕೂಡುತ್ತಾ ಹೋಗುತ್ತದೆ. ಸುಲಭದ ಮದ್ದು: ದಿನಾ ನಡುರಾತ್ರಿ, ಮತ್ತು ಯಾರನ್ನಾದರೂ ಬಿಟ್ಟಾಗಲೆಲ್ಲ, ಎಲ್ಲರೂ ಅಂದಾಜನ್ನು ತಮ್ಮ ಸೆನ್ಸರಿನ ಓದಿಗೆ ತಂದು ಹೊಸದಾಗಿ ಶುರು ಮಾಡುವುದು.

ಎಂಟೆಕ್‌ವಿದ್ಯಾರ್ಥಿ:

ಒಂದು ಸೆನ್ಸರ್ ಸತ್ತಿಲ್ಲ, ತಪ್ಪು ಹೇಳುತ್ತಿದೆ ಎಂದರೆ? ಅಲ್ಟ್ರಾಸಾನಿಕ್ ಸೆನ್ಸರಿನ ಮುಂದೆ ಜೇಡ ಬಲೆ ಕಟ್ಟಿದರೆ ಟ್ಯಾಂಕು ಸದಾ ತುಂಬಿದಂತೆ ತೋರಿಸಬಹುದು. ದೊಡ್ಡದೊಂದು ಚಿಕ್ಕದೊಂದು ಸಂಖ್ಯೆ ಬಿಟ್ಟು ಉಳಿದದ್ದರ ಸರಾಸರಿ ತೆಗೆದುಕೊಳ್ಳುವ ವಿಧಾನ ಓದಿದ್ದೇನೆ. ಅದನ್ನು ಇಲ್ಲಿ ಹಾಕಬಹುದಾ?

ಕಂಟ್ರೋಲ್‌ಮೇಷ್ಟ್ರು:

ಲೆಬ್ಲಾಂಕ್ ಮತ್ತು ಜೊತೆಗಾರರು 2013ರಲ್ಲಿ ಕೊಟ್ಟ ವಿಧಾನ ಅದು. ಒಳ್ಳೆಯ ವಿಧಾನ, ಆದರೆ ಜಾಲ ದಟ್ಟವಾಗಿರಬೇಕು. ಉಂಗುರದಲ್ಲಿ ನಿಮಗೆ ನೆರೆಯವರು ಇಬ್ಬರೇ. ಒಬ್ಬನನ್ನು ಮೇಲಿನಿಂದ, ಒಬ್ಬನನ್ನು ಕೆಳಗಿನಿಂದ ಬಿಟ್ಟರೆ ಯಾರೂ ಉಳಿಯದ ಸಂದರ್ಭ ಬರುತ್ತದೆ. ಐವರಲ್ಲಿ ಒಬ್ಬ ತಪ್ಪು ಹೇಳಿದರೂ ನಿಲ್ಲಬೇಕು ಎಂದರೆ ಉಂಗುರಕ್ಕಿಂತ ಹೆಚ್ಚು ಕೊಂಡಿಗಳು ಬೇಕು. ಅಷ್ಟಾದರೂ ಸಿಗುವುದು ಸರಿಯಾಗಿರುವವರ ಸಂಖ್ಯೆಗಳ ನಡುವಿನ ಯಾವುದೋ ಒಂದು ಬೆಲೆ, ಸರಾಸರಿಯೇ ಸಿಗುತ್ತದೆ ಎಂದಿಲ್ಲ.

ಇಲ್ಲಿ ಪರೀಕ್ಷೆಯನ್ನು ಟ್ಯಾಂಕಿನಲ್ಲೇ ಮಾಡುವುದು ಸುಲಭ. ಪಂಪು ಗಂಟೆಗೆ ಎಷ್ಟು ತುಂಬಬಲ್ಲದು ಗೊತ್ತಿದೆ. ಅದಕ್ಕಿಂತ ಬೇಗ ಮಟ್ಟ ಏರಿದರೆ, ಅಥವಾ ಡ್ರಿಪ್ ಓಡುತ್ತಿರುವಾಗಲೂ ಮಟ್ಟ ಒಂಚೂರೂ ಇಳಿಯದಿದ್ದರೆ, ಸೆನ್ಸರನ್ನು ನಂಬಬೇಡ. ಆ ಟ್ಯಾಂಕು ತಾನೇ ಜಾಲದಿಂದ ಹೊರಗುಳಿಯಲಿ.

ತೋಟದಕಡೆ:

ಹೊರಗುಳಿದವನ ಪಂಪು ಏನು ಮಾಡಬೇಕು? ಅದನ್ನು ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಹಳೇ ಪಾಳಿಗೆ ಹೋಗಬೇಕು. ಮೇಲಿನವನಿಗೆ ಇಷ್ಟು ಗಂಟೆ, ಕೆಳಗಿನವನಿಗೆ ಇಷ್ಟು ಎಂದು ಐವರೂ ಕೂತು ಮೊದಲೇ ಒಪ್ಪಿ ಬರೆದಿಟ್ಟುಕೊಳ್ಳಿ. ಬೋರ್ಡಿಗೂ ಅದೇ ಹಾಕಿ. ಮರದ ಲೆಕ್ಕವನ್ನೂ ಐವರ ಎದುರೇ ಬರೆಯಿರಿ. ನಾಳೆ ಯಂತ್ರ ಪಂಪು ನಿಲ್ಲಿಸಿದಾಗ ಯಾಕೆ ನಿಲ್ಲಿಸಿತು ಎಂದು ಎಲ್ಲರಿಗೂ ಗೊತ್ತಿರಬೇಕು.

ಹಳ್ಳದದಂಡೆ:

ಹಾಗೇ ಮಾಡುತ್ತೇನೆ. ಮೊನ್ನೆ ಕೆಳಗಿನ ತೋಟದವರ ಜೊತೆ ಮಾತಾಡಿದೆ. ಮೇಲಿನ ತೋಟಕ್ಕೂ ಅವರಿಗೂ ನಡುವೆ ಗುಡ್ಡ ಅಡ್ಡ ಇದೆ, ನೇರ ರೇಡಿಯೋ ಸಿಗುವುದು ಕಷ್ಟ. ಗುಡ್ಡದ ನೆತ್ತಿಯಲ್ಲಿ ಅವರದೇ ಗೇರು ಗಿಡಗಳ ಜಾಗ ಇದೆ, ಅಲ್ಲಿ ಒಂದು ರಿಪೀಟರ್ ಇಡಲು ಒಪ್ಪಿದ್ದಾರೆ. ಅಲ್ಲಿ ಬಿಸಿಲಿಗೂ ಕೊರತೆ ಇಲ್ಲ. ಉಂಗುರ ಪೂರ್ತಿಯಾಗುತ್ತದೆ.

ರೇಡಿಯೋಸಾಗರ:

ರಿಪೀಟರಿಗೆ ಎರಡು ಸೆಕೆಂಡಿನಲ್ಲಿ ಕೊನೆಯ ಎರಡು ಸರದಿ ಮೀಸಲಿಡಿ. ಮೇಲಿನವನದು ಕೇಳಿ ಕೆಳಗೆ, ಕೆಳಗಿನವನದು ಕೇಳಿ ಮೇಲೆ. ಏಳು ಸರದಿ, ಒಂದಕ್ಕೆ 0.19 ಸೆಕೆಂಡ್ ಎಂದರೆ 1.3 ಸೆಕೆಂಡ್. ಉಳಿದದ್ದು ಗಡಿಯಾರದ ತಪ್ಪಿಗೆ. ಡಬ್ಬಿ ಎತ್ತರದ ಕಂಬಕ್ಕೆ ಕಟ್ಟಿ, ಮಂಗ ಆಂಟೆನಾ ಕಿತ್ತರೆ ಮತ್ತೆ ಸಾಲಿಗೆ ಬಂದು ನಿಲ್ಲುತ್ತೀರಿ.

ಕಂಟ್ರೋಲ್‌ಮೇಷ್ಟ್ರು:

ಪಂಪಿಗೆ ತಂತಿ ಜೋಡಿಸುವ ಮೊದಲು ಕಂಪ್ಯೂಟರಿನಲ್ಲಿ ಓಡಿಸಿ. ಐದು ಟ್ಯಾಂಕು, ನಿಮ್ಮ ನಿಜವಾದ ಬೇಡಿಕೆ, ಐದು ನಿಮಿಷದ ಸುತ್ತು. ಐದರಲ್ಲಿ ಒಂದು ಸಂದೇಶ ಕಳೆದುಹೋಗುವಂತೆ ಮಾಡಿ. ಎರಡು ಸಂಗತಿ ನೋಡಿ. ನಡುರಾತ್ರಿಯ ಹೊತ್ತಿಗೆ ಅಂದಾಜಿನ ಒಟ್ಟು ಲೀಟರು ನಿಜವಾದ ಒಟ್ಟಿನಿಂದ ಎಷ್ಟು ದೂರ ಹೋಗಿದೆ, ಮತ್ತು ಕೆಳಗಿನ ತೋಟದ ಪಂಪಿಗೆ ದಿನಕ್ಕೆ ಎಷ್ಟು ನಿಮಿಷ ಸಿಕ್ಕಿತು. ಮೊದಲನೆಯದು ಜಾಸ್ತಿ ಹೋದರೆ ಹೊಸದಾಗಿ ಶುರು ಮಾಡುವುದನ್ನು ದಿನಕ್ಕೆರಡು ಸಲ ಇಡಿ. ಎರಡನೆಯದು ಕಡಿಮೆ ಬಂದರೆ 0.02ನ್ನು 0.01ಕ್ಕೆ ಇಳಿಸಿ ಮತ್ತೆ ಓಡಿಸಿ. ನಮ್ಮ ಲ್ಯಾಬಿನ ಹುಡುಗರಿಗೂ ಇದನ್ನೇ ಈ ಸಲದ ಪ್ರಾಜೆಕ್ಟಾಗಿ ಕೊಡುತ್ತೇನೆ. ಬೇಡಿಕೆಯ ಪಟ್ಟಿ ಕಳಿಸಿ, ಅವರೂ ಜೊತೆಗೆ ಓಡಿಸಲಿ.